ಹೇಳದೆ ಹೊರಟ ಮಧ್ಯಾಹ್ನ

ಓಟ್ಸ್, ಕೊಬ್ಬರಿ ಹಾಕಿದ ಬಿಸ್ಕತ್ತು ಬೇಯುವ ವಾಸನೆ ಬಂದರೆ ನನಗೆ ಈಗಲೂ ಅಮ್ಮನ ಮೇಲೆ ಸಿಟ್ಟು ಬರುತ್ತದೆ.

ತೊಂಬತ್ತರ ದಶಕದ ಕೊನೆಯ ಒಂದು ಏಪ್ರಿಲ್. ನೆದರ್ಲೆಂಡ್ಸಿನ ಯುಟ್ರೆಕ್ಟ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ನ್ಯೂಜಿಲೆಂಡಿನ ಮುದುಕರೊಬ್ಬರು ತಮ್ಮ ಅಪ್ಪನ ನೆನಪಿನ ದಿನಕ್ಕೆ ನಮ್ಮನ್ನು ಕರೆದಿದ್ದರು. ಅವರಿನ್ನೂ ತೊಟ್ಟಿಲಲ್ಲಿದ್ದಾಗ ಅವರಪ್ಪ ಮೊದಲ ಮಹಾಯುದ್ಧಕ್ಕೆ ತಾವಾಗಿಯೇ ಹೆಸರು ಕೊಟ್ಟು, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಜಂಟಿ ದಳ ಸೇರಿ, ಟರ್ಕಿಯ ಕಡಲತೀರದಲ್ಲಿ ಸತ್ತಿದ್ದರು.

ಅವರಪ್ಪನ ಫೋಟೊದ ಮುಂದೆ ಎರಡು ನಿಮಿಷ ಮೌನವಾಗಿ ನಿಂತೆವು. ಆಮೇಲೆ ಬಿಸ್ಕತ್ತು ಬಂತು. ಅಂಚು ಗರಿಗರಿ, ನಡುವೆ ಮೆತ್ತಗೆ, ಬೆರಳಿಗೆ ಅಂಟುವ ಪಾಕ. ನಾನು ಎರಡನೆಯದಕ್ಕೆ ಕೈಚಾಚುವಷ್ಟರಲ್ಲಿ ಅಮ್ಮ ನನ್ನ ರಟ್ಟೆ ಹಿಡಿದು, ಒಂದು ಮಾತೂ ಆಡದೆ ಹೊರಗೆ ನಡೆದೇಬಿಟ್ಟಳು. ಹೊರಡುವಾಗ ಕೈಕುಲುಕಿ 'ದಾಖ್' ಹೇಳದ ಮಕ್ಕಳನ್ನು ನನ್ನ ಡಚ್ ಟೀಚರು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು.

"ಅಮ್ಮಾ, ದಾಖ್ ಹೇಳ್ಲೇ ಇಲ್ಲ. ಎಷ್ಟು ರೂಡ್ ನೀನು."

"ಸತ್ತೋರ ಕಾರ್ಯಕ್ಕೆ ಬಂದು 'ಹೋಗಿ ಬರ್ತೀವಿ' ಅಂತಾರೇನೇ? ಸುಮ್ನೆ ನಡಿ."

"ಅವ್ರಪ್ಪ ಸತ್ತು ಎಂಬತ್ತು ವರ್ಷ ಆಯ್ತು."

"ಅವರ ಕಣ್ಣು ನೋಡಿದ್ಯಾ? ಎಂಬತ್ತು ವರ್ಷ ಆದ ಹಾಗಿತ್ತಾ?"

ಸಾಲದ್ದಕ್ಕೆ ಸೀದಾ ಬಚ್ಚಲಿಗೆ ಎಳೆದುಕೊಂಡು ಹೋಗಿ, ಆ ಚಳಿಯಲ್ಲಿ ನನ್ನ ತಲೆಗೆ ನೀರು ಹಾಕಿದಳು. ನನಗೆ ಅವಮಾನ ತಡೆಯಲಾಗಲಿಲ್ಲ. ಒದ್ದೆ ತಲೆಯಲ್ಲೇ ಪಕ್ಕದ ಮನೆಗೆ ಓಡಿಹೋಗಿ ಕ್ಷಮೆ ಕೇಳಿದೆ, ಅಮ್ಮ ಹೇಳಿದ ಕಾರಣವನ್ನೂ ಹೇಳಿದೆ. ಅವರು ಬಹಳ ಹೊತ್ತು ಫೋಟೊ ಕಡೆ ನೋಡಿದರು. ಉಳಿದ ಬಿಸ್ಕತ್ತನ್ನು ಕಾಗದದಲ್ಲಿ ಕಟ್ಟಿ ಕೊಟ್ಟರು.

ಬಾಗಿಲಲ್ಲಿ ನಿಂತು, ಸರಿಯಾಗಿ ಕೈಚಾಚಿ, "ದಾ..." ಎನ್ನುವಷ್ಟರಲ್ಲಿ ಅವರು ತುಟಿಯ ಮೇಲೆ ಬೆರಳಿಟ್ಟು, ಮೆಲ್ಲಗೆ ಬಾಗಿಲು ಮುಚ್ಚಿಕೊಂಡರು.