ಮುಸ್ಸಂಜೆಯ ಮಾತು, ಅಲಸಂದಿಯ ಬರಿಟೋ

ದೀಪ ಹಚ್ಚುವ ಹೊತ್ತಾದರೆ ಸಾಕು, ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತುಬಿಡುತ್ತಿದ್ದಳು...

ಯಾರು ಮಾತಾಡಿಸಿದರೂ ಉತ್ತರವಿಲ್ಲ. ದೇವರಿಗೆ ಕೈ ಮುಗಿಯುವುದೂ ಮೌನದಲ್ಲೇ.

ಆಕೆ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಆಯಾ. ಆಗಷ್ಟೇ ಹುಟ್ಟಿದ ಕೂಸನ್ನು ಒರೆಸಿ, ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ, ತಾಯಿಯ ಮಗ್ಗುಲಿಗೆ ಇಡುವುದು ಆಕೆಯ ಕೆಲಸ.

ಆದರೆ ವರ್ಷದಿಂದ ಆಕೆ ಒಂದು ಕೂಸನ್ನೂ ಮುಟ್ಟಿರಲಿಲ್ಲ. ನೆಲ ಒರೆಸುವ ಕೆಲಸವನ್ನೇ ಕೇಳಿ ಪಡೆದಿದ್ದಳು.

ಕಾರಣ... ಮುಸ್ಸಂಜೆಯಲ್ಲಿ ಆಡಿದ ಒಂದು ಮಾತು.

ಅಂದು ಮಗಳು ನಂದಾ ಮೊಬೈಲ್ ನೋಡಿ ಹೊಸ ಅಡುಗೆ ಮಾಡುತ್ತಿದ್ದಳು. ಬೇಯಿಸಿದ ಅಲಸಂದಿ ಕಾಳನ್ನು ಬೆಳ್ಳುಳ್ಳಿ, ಕೆಂಪು ಖಾರದ ಜೊತೆ ಹಿಸುಕಿ, ಮಧ್ಯಾಹ್ನದ ಅನ್ನ, ಹಸಿ ಉಳ್ಳಾಗಡ್ಡಿ ಸೇರಿಸಿ ದೊಡ್ಡ ಚಪಾತಿಯಲ್ಲಿ ಸುತ್ತುತ್ತಿದ್ದಳು.

“ಇದಕ್ಕ ಬರಿಟೋ ಅಂತಾರಬೇ. ಒಂದು ಮುಷ್ಟಿ ಕಾಳಿನ್ಯಾಗ ಇಬ್ಬರ ಹೊಟ್ಟಿ ತುಂಬತೈತಿ!”

ದಣಿದು ಬಂದಿದ್ದ ದ್ಯಾಮವ್ವ ನಕ್ಕಳು. “ಚಪಾತಿ ಒಳಗ ಅನ್ನ ಹಾಕತಾರೇನ, ಹುಚ್ಚಿ? ಹೆಣ ಸುತ್ತಿದಂಗ ಸುತ್ತೀದಿ ನೋಡು!”

“ದೀಪಾ ಹಚ್ಚೋ ಹೊತ್ತಿನ್ಯಾಗ ಎಂಥಾ ಮಾತಬೇ! ಅಸ್ತು ದೇವತೆಗಳು ಕೇಳಿಸ್ಕೊಂಡು ಅಸ್ತು ಅಂದಗಿಂದಾರು...” ನಂದಾ ಕಿಲಕಿಲ ನಕ್ಕಳು.

ಅದೇ ವಾರ ನಂದಾಗೆ ಜ್ವರ ಬಂತು... ಬಿಡಲಿಲ್ಲ.

ಬಿಳಿ ಬಟ್ಟೆ ಸುತ್ತಿ ಮಲಗಿಸಿದ್ದ ಮಗಳನ್ನು ನೋಡಿದಾಗ, ತಾಯಿಯ ಕಣ್ಣಿಗೆ ಕಂಡದ್ದು ಆ ಚಪಾತಿ.

ಆಮೇಲೆ ಆ ಮನೆಯಲ್ಲಿ ಅಲಸಂದಿ ನೆನೆಯಲಿಲ್ಲ. ಆದರೂ ಸಂಜೆಯಾದರೆ ತಣ್ಣಗಿನ ಒಲೆಯ ಕಡೆಯಿಂದ ಬೆಳ್ಳುಳ್ಳಿಯ ವಾಸನೆ... ಅದೇ ಕಿಲಕಿಲ ನಗು... ಅದರ ಹಿಂದೆಯೇ ಯಾರೋ ಅಂದ ಹಾಗೆ, “ಅಸ್ತು.”

ನಂದಾ ಹೋಗಿ ವರ್ಷ ತುಂಬಿದ ದಿನ, ಆಕೆಯ ಕಾಲೇಜಿನ ಗೆಳತಿ ಪರ್ವೀನ್ ಡಬ್ಬಿ ಹಿಡಿದು ಬಂದಳು. ಫೋಟೋದ ಮುಂದೆ, ಎಡೆಯ ಪಕ್ಕದಲ್ಲಿ ಅದನ್ನು ತೆರೆದಿಟ್ಟಳು.

ಒಳಗೆ ಬರಿಟೋ...

ದ್ಯಾಮವ್ವ ಹೌಹಾರಿದಳು. “ತಗೀ ಅದನ್ನ! ಅದಕ್ಕ ಹೆಣ ಅಂದ ಬಾಯಿ ಇದು... ನನ್ನ ಮಗಳನ್ನ ನಾನ ತಿಂದ್ಕೊಂಡೆ!”

ಪರ್ವೀನ್ ಆಕೆಯ ಕೈ ಹಿಡಿದುಕೊಂಡಳು.

“ಆ ಮಾತು ನಮಗೂ ಗೊತ್ತೈತ್ರಿ ಅವ್ವಾರ. ನಂದಾ ಮರುದಿನನ ಹೇಳಿ ಬಿದ್ದುಬಿದ್ದು ನಕ್ಕಿದ್ಲು. ‘ನಮ್ಮವ್ವಗ ತನ್ನ ಕೈಕೆಲಸನ ಗುರುತು ಸಿಗಲಿಲ್ಲ! ಅಕಿ ಕೂಸು ಸುತ್ತೋದು ನೋಡೇ ನಾ ಇದನ್ನ ಕಲ್ತಿದ್ದು. ಮೊದಲ ಕಾಲಿನ ಕಡೆ ಮಡಚಬೇಕು, ಆಮ್ಯಾಲೆ ಎಡಕ್ಕ, ಆಮ್ಯಾಲೆ ಬಲಕ್ಕ... ಮುಖ ಮಾತ್ರ ಬಿಡಬೇಕು, ಕೂಸು ಉಸಿರಾಡಬೇಕಲ್ಲ!’ ಅಂತಿದ್ಲು. ನಮಗೆಲ್ಲಾ ಹಂಗ ಕಲಿಸ್ಯಾಳ್ರಿ.”

ದ್ಯಾಮವ್ವ ಬಗ್ಗಿ ನೋಡಿದಳು.

ಕೆಳಗಿನ ಮಡಿಕೆ... ಎಡ... ಬಲ... ಮೇಲೆ ತೆರೆದ ಬಾಯಿ.

ಹೌದು, ತನ್ನದೇ ಕೈಕೆಲಸ!

ಸಡಿಲಾಗಿದ್ದ ಒಂದು ಅಂಚನ್ನು ಆಕೆಯ ಹೆಬ್ಬೆರಳು ತಾನಾಗಿಯೇ ಒಳಗೆ ಸೇರಿಸಿತು. ಕೂಸನ್ನು ಎತ್ತುವಂತೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಎದೆಗೆ ಒತ್ತಿಕೊಂಡು ಅತ್ತಳು... ಆಮೇಲೆ ಮಗಳ ಹೆಸರು ಹೇಳಿ ಒಂದು ತುತ್ತು ತಿಂದಳು.

ಮರುದಿನ ಸಂಜೆ ವಾರ್ಡಿನಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು.

ದ್ಯಾಮವ್ವ ನೆಲ ಒರೆಸುವ ಬಟ್ಟೆ ಬದಿಗಿಟ್ಟು, ಕೈ ತೊಳೆದುಕೊಂಡು ಬಂದಳು. ನರ್ಸ್ ಬೆರಗಾದರು. “ದ್ಯಾಮವ್ವಾ, ನೀನ ಸುತ್ತತೀಯೇನ?”

ಕಾಲಿನ ಕಡೆ... ಎಡಕ್ಕೆ... ಬಲಕ್ಕೆ...

ಹೊರಗೆ ದೀಪಗಳು ಹೊತ್ತಿಕೊಳ್ಳುತ್ತಿದ್ದವು. ಆಕೆ ಬಾಯಿಂದ ಸೆರಗು ಸರಿಸಿದಳು.

“ನೂರು ವರ್ಷ ಬಾಳು, ನನ್ನವ್ವಾ...”

ಹೇಳಿ, ಕಿವಿಗೊಟ್ಟು ನಿಂತಳು.

ಎಲ್ಲೋ ಬೆಳ್ಳುಳ್ಳಿಯ ವಾಸನೆ... ಅದೇ ಕಿಲಕಿಲ ನಗು... ಅದರ ಹಿಂದೆಯೇ, ಮೆಲ್ಲಗೆ,

“ಅಸ್ತು.”

ದಣಿದ ಬಾಯಿ ಜಾರಿ ಆಡಿದ ಮಾತಿಗಿಂತ, ಪ್ರೀತಿಯ ಕೈಗಳು ದಿನವೂ ಮಾಡಿದ ಕೆಲಸವೇ ದೇವರಿಗೆ ಮೊದಲು ಮುಟ್ಟುತ್ತದೆ.

ಇಂದು ದೀಪ ಹಚ್ಚುವ ಹೊತ್ತಿಗೆ, ನಿಮ್ಮ ಮನೆಯಲ್ಲಿ ಯಾರಿಗೆ ಯಾವ ಒಳ್ಳೆಯ ಮಾತು ಹೇಳುವಿರಿ?