ರೋಲರ್ ಕೋಸ್ಟರಿನ ಸಾಲು

"ಮುಟ್ಟಬೇಡ ನನ್ನ!" ಎಂದು ಮುಂದಿದ್ದವಳು ಕಿರುಚಿದ್ದೇ ತಡ, ಸಾಲಿಗೆ ಸಾಲೇ ಅತ್ತ ತಿರುಗಿತು.

ಪಾಪುವಿನ ಅಮ್ಮನೂ ತಿರುಗಿದಳು. ತಿರುಗದೆ ಇನ್ನೇನು ಮಾಡುವುದಿತ್ತು? ಬೇಸಿಗೆ ರಜೆಯ ಭಾನುವಾರ, ನೆತ್ತಿ ಸುಡುವ ಬಿಸಿಲು, ಮುಕ್ಕಾಲು ಗಂಟೆಯಲ್ಲಿ ಸಾಲು ಸರಿದದ್ದು ಹತ್ತೇ ಹೆಜ್ಜೆ. ಎರಡು ವರ್ಷದ ಪಾಪು ಸೊಂಟದ ಮೇಲೆ ಕೂತು ಅವಳ ಕೊರಳ ಸರವನ್ನು ಕಚ್ಚುತ್ತಿದ್ದಳು. ತಾಯಿ ಮಗಳಿಬ್ಬರೂ ಬೆವರಿನಲ್ಲಿ ಅಂಟಿಕೊಂಡಿದ್ದರು.

ಇಷ್ಟು ಪಾಡು ಯಾವ ಸುಖಕ್ಕೆ ಅನ್ನುತ್ತೀರಿ? ಸಾಲಿನ ಬಾಯಲ್ಲಿ ಒಂದು ಮರದ ಜಿರಾಫೆ ನಿಂತಿತ್ತು. ಅದರ ಎದೆಮಟ್ಟಕ್ಕೆ ಬಾರದವರಿಗೆ ರೋಲರ್ ಕೋಸ್ಟರ್ ಇಲ್ಲ. ಪಾಪು ಅದರ ಮೊಣಕಾಲಿಗೂ ಬರುತ್ತಿರಲಿಲ್ಲ. ಪಾಪುವನ್ನು ಬಿಟ್ಟು ಅಮ್ಮ ಹತ್ತುವಂತಿರಲಿಲ್ಲ. ಹತ್ತಬೇಕಾದವನು ಗಂಡ, ಅವನು ಎದುರಿನ ನೆರಳಿನ ಬೆಂಚಿನಲ್ಲಿ ಕಾಲು ಚಾಚಿ ಫೋನು ನೋಡುತ್ತಿದ್ದ. "ನೀನು ನಿಂತಿರು, ನನ್ನ ಸರದಿ ಹತ್ರ ಬಂದಾಗ ಬರ್ತೀನಿ," ಎಂದು ಹೇಳಿ ಹೋಗಿದ್ದ. ಪಾಪುವಿನ ಟೋಪಿ ಮನೆಯಲ್ಲೇ ಉಳಿದಿತ್ತು. ಅವನ ಟೋಪಿ ಅವನ ತಲೆಯ ಮೇಲಿತ್ತು.

ಮದುವೆಯಾದಾಗಿನಿಂದ ಇದೇ ಪಾಡು. ಅವಳು ಬಾಯಿ ತೆರೆದರೆ ಸಾಕು, "ಜನ ನೋಡ್ತಾರೆ" ಅನ್ನುತ್ತಿದ್ದ. ಮನೆಯಲ್ಲಿ ಇಬ್ಬರೇ ಇದ್ದಾಗಲೂ ಅದನ್ನೇ ಅನ್ನುತ್ತಿದ್ದ. "ಬಂದುಬಿಡೇ, ನನ್ನ ಮನೇಲಿ ಒಂದು ರೂಮು ಖಾಲಿ ಬಿದ್ದಿದೆ," ಎಂದು ಅವಳ ಅಕ್ಕ ಫೋನಿನಲ್ಲಿ ಹೇಳಿ ಹೇಳಿ ಸೋತಿದ್ದಳು. ಹೊರಡುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದು, ಪ್ರತಿ ಸಲವೂ ಗಂಟಲಿಗೇ ಇಳಿದು ಹೋಗುತ್ತಿತ್ತು. ಇವತ್ತೂ ಇಳಿಯುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಮುಂದಿದ್ದವಳಿಗೆ ಆ ತೊಂದರೆ ಇರಲಿಲ್ಲ. ಕೆಂಪು ಟೋಪಿ, ಗಟ್ಟಿ ಗಂಟಲು. ಕಟ್ಟಕಡೆಗೆ ನಿಂತವನಿಗೂ ಒಂದಕ್ಷರ ತಪ್ಪದೆ ಕೇಳುತ್ತಿತ್ತು.

"ನಿಲ್ಲೋಕೆ ನಾನು, ಸುತ್ತೋಕೆ ನೀನು! ನಾನೇನು ನಿನ್ನ ಆಳಾ?"

"ಮೆಲ್ಲಗೆ ಮಾತಾಡೇ!" ಎಂದು ಅವಳ ಗಂಡ ಅವಳಿಗಿಂತ ಜೋರಾಗಿ ಕೂಗಿದ. "ನಿನ್ನನ್ನ ಹೊರಗೆ ಕರ್ಕೊಂಡು ಬಂದಿದ್ದೇ ತಪ್ಪು."

"ಕರ್ಕೊಂಡು ಬಂದ್ಯಾ? ಚೀಲ ಹೊರೋಕೆ ಒಬ್ಬಳು ಬೇಕಾಗಿತ್ತು, ಎಳ್ಕೊಂಡು ಬಂದೆ!"

ಸಾಲಿನವರ ಕಿವಿ ನೆಟ್ಟಗಾಯಿತು. ಐಸ್‌ಕ್ರೀಮು ಕರಗಿ ಮೊಣಕೈಗೆ ಇಳಿದರೂ ನೆಕ್ಕುವವರಿಲ್ಲ. ಇಷ್ಟು ಹೊತ್ತು "ಇನ್ನೂ ಎಷ್ಟು ಕಾಯಿಸ್ತೀರ್ರೀ?" ಎಂದು ಗೇಟಿನವಳ ಮೇಲೆ ಹರಿಹಾಯುತ್ತಿದ್ದ ಡೊಳ್ಳುಹೊಟ್ಟೆಯವನು ಈಗ ಪಂಚಾಯ್ತಿಗೆ ಇಳಿದ. "ಬಿಡಮ್ಮ, ಗಂಡ ಹೆಂಡ್ತಿ ಅಂದ್ಮೇಲೆ ಸ್ವಲ್ಪ ಹೊಂದ್ಕೊಂಡು ಹೋಗ್ಬೇಕು."

"ಅವಳ್ಯಾಕೆ ಹೊಂದ್ಕೋಬೇಕು? ಬೇಕಾದ್ರೆ ನೀನು ಹೊಂದ್ಕೋ!" ಎಂದು ಹಿಂದಿದ್ದ ಅಜ್ಜಿಯೊಬ್ಬಳು ಅವನನ್ನೇ ತರಾಟೆಗೆ ತೆಗೆದುಕೊಂಡಳು. ಸಾಲು ಎರಡು ಪಕ್ಷವಾಯಿತು. ಗೇಟಿನವಳು ಬಿಡಿಸಲು ಬರಲಿಲ್ಲ, ಕಂಬಕ್ಕೆ ಒರಗಿ ನಿರಾಳವಾಗಿ ನೀರು ಕುಡಿಯುತ್ತಿದ್ದಳು. ಸಾಲು ನಾಲ್ಕು ಹೆಜ್ಜೆ ಸರಿದಾಗ ಗಂಡ ಹೆಂಡತಿ ಬಾಯಿ ಮುಚ್ಚಿಕೊಂಡು ಸರಿದರು. ನಿಂತ ಕೂಡಲೇ ಬಿಟ್ಟಲ್ಲಿಂದ ಹಿಡಿದುಕೊಂಡರು.

ಪಾಪುವಿನ ಅಮ್ಮನಿಗೆ ಒಂದೊಂದು ಮಾತೂ ತನ್ನ ಹೊಟ್ಟೆಯೊಳಗಿಂದಲೇ ತೆಗೆದಂತೆ ಕೇಳಿಸಿತು. ಹೊಟ್ಟೆಕಿಚ್ಚೂ ಆಯಿತು. ಹೀಗೂ ಮಾತಾಡಬಹುದೇ? ಮಾತಾಡಿದ ಮೇಲೂ ಆಕಾಶ ಇದ್ದಲ್ಲೇ ಇತ್ತಲ್ಲ!

ಇನ್ನೊಂದು ಗಂಟೆಯಾದ ಮೇಲೆ ಕೆಂಪು ಟೋಪಿಯವಳು ಚೀಲವನ್ನು ಗಂಡನ ಎದೆಗೆ ಎಸೆದಳು. "ಇಲ್ಲಿಗೆ ಮುಗೀತು. ನಾನು ಹೊರಟೆ!" ಎಂದವಳೇ ಹಗ್ಗದಡಿ ನುಸುಳಿ ನಡೆದಳು. ಅವನು "ಏಯ್, ನಿಲ್ಲೇ!" ಎಂದು ಹಿಂದೆ ಓಡಿದ. ಜನ ಚಪ್ಪಾಳೆ ತಟ್ಟಿದರು. ಆಗ ನೋಡಿದರೆ ಗೇಟು ಹತ್ತೇ ಮಾರು ದೂರದಲ್ಲಿತ್ತು.

ಪಾಪುವಿನ ಅಪ್ಪ ಮೈಮುರಿಯುತ್ತ ಬಂದ. ಬಂದವನೇ ಮಗುವಿನ ಮುಖ ನೋಡಿದ. "ಏನೇ ಇದು, ಹಿಂಗೆ ಕೆಂಪಾಗಿದೆ? ಒಂದು ಟೋಪಿ ತರೋಕೂ ನಿನ್ನ ಕೈಲಿ ಆಗಲ್ವಾ?"

"ನಿನ್ನ ಟೋಪಿ ಮರೀಲಿಲ್ವಲ್ಲ ನೀನು!"

ನಾಲ್ಕು ವರ್ಷದಲ್ಲಿ ಮೊದಲ ಸಲ ಅವನನ್ನು 'ನೀನು' ಎಂದಿದ್ದಳು. ಅವನು ಸುತ್ತ ನೋಡಿದ. "ಶ್! ಜನ ನೋಡ್ತಾರೆ."

"ನೋಡ್ಲಿ! ಇಷ್ಟು ವರ್ಷ ಯಾರೂ ನೋಡ್ಲಿಲ್ಲ, ಇವತ್ತಾದ್ರೂ ನೋಡ್ಲಿ!"

ಆಮೇಲೆ ತಡೆಯಲು ಅವಳಿಂದಲೇ ಆಗಲಿಲ್ಲ. ಹೆರಿಗೆಯ ದಿನ ಅವನು ಪಂದ್ಯ ಮುಗಿಸಿಕೊಂಡು ಆಸ್ಪತ್ರೆಗೆ ಬಂದದ್ದು, ಮಗುವಿಗೆ ಜ್ವರ ಬಂದಾಗ ಪಕ್ಕದ ರೂಮಿಗೆ ಹೋಗಿ ಚಿಲಕ ಹಾಕಿಕೊಂಡದ್ದು, ಎಲ್ಲ ಬಂತು. ಅಳುವೂ ಬಂತು. ಅಮ್ಮ ಅತ್ತದ್ದು ನೋಡಿ ಪಾಪುವೂ ಬಾಯಿ ತೆಗೆದಳು. "ನಾನು ಅಕ್ಕನ ಮನೆಗೆ ಹೋಗ್ತೀನಿ, ಪಾಪುನ ಕರ್ಕೊಂಡು. ಇನ್ನು ನಿನ್ನ ಜಾಗ ನೀನೇ ಕಾಯ್ಕೋ."

ಅಜ್ಜಿ ಕಣ್ಣೊರೆಸಿಕೊಂಡಳು. ಯಾರೋ ಶಿಳ್ಳೆ ಹಾಕಿದರು. ಪಾಪುವಿನ ಅಮ್ಮ ಹಗ್ಗ ಎತ್ತಿ ಹೊರಬಂದಳು. ಗಂಡ ಹಿಂದೆ ಬರಲಿಲ್ಲ. ಬಂದಿದ್ದರೆ ಸಾಲಿನ ಜಾಗ ಹೋಗುತ್ತಿತ್ತು.

ಮನಸ್ಸು ಹಗುರಾಗಿತ್ತು. ಆ ಪುಣ್ಯಾತ್ಗಿತ್ತಿಗೆ ಒಂದು ಮಾತು ಹೇಳಿಯೇ ಹೋಗಬೇಕೆಂದು ಅವಳು ಕೆಂಪು ಟೋಪಿಯನ್ನು ಹುಡುಕುತ್ತ ಪಾಪ್‌ಕಾರ್ನ್ ಅಂಗಡಿಯ ಹಿಂದಕ್ಕೆ ಬಂದಳು. ಅಲ್ಲಿ ಆ ಜಗಳದ ಗಂಡ ಹೆಂಡತಿ ಒಂದೇ ಬಕೆಟ್ಟಿನ ನೀರಿನಲ್ಲಿ ಕಾಲು ಇಳಿಬಿಟ್ಟು, ನಗುತ್ತ ಕೂತಿದ್ದರು. ಇಷ್ಟು ಬೇಗ ರಾಜಿಯೇ?

"ಬನ್ನಿ ಅಕ್ಕ, ಕೂತ್ಕೊಳ್ಳಿ," ಎಂದು ಕೆಂಪು ಟೋಪಿಯವಳು ಸರಿದು ಜಾಗ ಮಾಡಿದಳು. "ನಿಮ್ಮದು ಇಲ್ಲಿವರೆಗೂ ಕೇಳಿಸ್ತು. ಸಾಲು ನಿಂತಾಗ ಜನ ಗೇಟಿನವರ ಮೇಲೆ ಬೀಳದ ಹಾಗೆ ನೋಡ್ಕೊಳ್ಳಿ ಅಂತ ಪಾರ್ಕಿನವರು ನಮ್ಮಿಬ್ಬರನ್ನ ಬೇಸಿಗೆ ಪೂರ್ತಿ ಸಂಬಳ ಕೊಟ್ಟು ಜಗಳಕ್ಕೆ ಇಟ್ಕೊಂಡಿದಾರೆ. ಆದ್ರೆ ನಿಮ್ಮ ಹಾಗೆ ಅಳೋಕೆ ನಮಗೆ ಒಂದು ದಿನಾನೂ ಬರ್ಲಿಲ್ಲ. ಮಗುನೂ ಸರಿಯಾದ ಹೊತ್ತಿಗೆ ಅತ್ತುಬಿಡ್ತಲ್ಲ! ನಾಳೆ ನಿಮ್ಮನ್ನ ಯಾವ ಸಾಲಿಗೆ ಹಾಕಿದಾರೆ?"