ಕೆಲಸದ ಬಟ್ಟೆಯ ತೂಕ

"ಕುಪ್ಪುಸ್ವಾಮಿ ಗ್ಲೌಸು ಬಿಚ್ಬುಟ್ನಂತೆ ಕಣ್ಲಾ! ಇನ್ಮೇಲೆ ರಿಂಗೇ ಅತ್ತಲ್ವಂತೆ!"

ಕೋರಮಂಡಲ್ ಬಾಕ್ಸಿಂಗ್ ಕ್ಲಬ್ಬಿನ ಎದುರಿದ್ದ ಟೀ ಅಂಗಡಿಗೆ ನುಗ್ಗಿದವನೇ ಮುನಿಶಾಮಿ ಹೀಗೆ ಕೂಗಿದ. ಆಂಜಿನಪ್ಪನ ಕೈಯಲ್ಲಿದ್ದ ಬನ್ನು ಟೀಯೊಳಗೆ ಜಾರಿ ಅಲ್ಲೇ ಪ್ರಾಣ ಬಿಟ್ಟಿತು.

"ಯಾವಾಗ್ಲಾ?"

"ಬೆಳಿಗ್ಗೆ. ನಿವೃತ್ತಿ ಅಂತ ಚೀಟಿ ಬರ್ಕೊಟ್ಟು, ಕಪ್ಪನ್ನ ಟವಲ್ನಾಗೆ ಸುತ್ಕಂಡು, ಫೋಟೋ ಇಡಿಸ್ಕಣಕ್ಕೆ ಬಂಗಾರಪೇಟೆ ರೈಲತ್ಬುಟ್ಟ."

ಕುಪ್ಪುಸ್ವಾಮಿ ಚಿನ್ನದ ಗಣಿಯ ಹೆವಿವೇಟ್ ಚಾಂಪಿಯನ್. ಐವತ್ತೊಂದನೇ ಇಸವಿಯಿಂದ ಐವತ್ತೇಳರವರೆಗೆ ಏಳು ಸಲ ಗೆದ್ದವನು. ಹೆವಿವೇಟ್ ಪಟ್ಟಿಗೆ ಸೇರಲು ನೂರ ಎಪ್ಪತ್ತೈದು ಪೌಂಡು ತೂಗಬೇಕು. ದಿನಾ ಭೂಮಿಯೊಳಗೆ ಇಳಿದು ಬರುವವರ ಮೈಮೇಲೆ ಅಷ್ಟು ಮಾಂಸ ಎಲ್ಲಿ ನಿಲ್ಲುತ್ತದೆ? ಹಾಗಾಗಿ ಕುಪ್ಪುಸ್ವಾಮಿ ವರ್ಷಕ್ಕೊಮ್ಮೆ ರಿಂಗ್ ಹತ್ತುತ್ತಿದ್ದ. ಗಂಟೆ ಬಾರಿಸುತ್ತಿದ್ದರು. ಎದುರಾಳಿ ಇಲ್ಲವೆಂದು ಅವನ ಕೈ ಎತ್ತಿ ಹಾರ ಹಾಕುತ್ತಿದ್ದರು. ಏಳು ವರ್ಷದಲ್ಲಿ ಅವನು ರಿಂಗಿನೊಳಗೆ ಹೊಡೆದದ್ದು ಒಂದೆರಡು ಸೊಳ್ಳೆ. ಹೆವಿವೇಟ್ ಗೆದ್ದವನಿಗೆ ಗಣಿಬಾವಿಯ ಮೇಲೆ, ಇಳಿಯುವವರಿಗೆ ದೀಪ ಹಂಚುವ ಲ್ಯಾಂಪ್ ರೂಮಿನಲ್ಲಿ ಕುರ್ಚಿ ಕೆಲಸ. ಅದು ಗಣಿಯ ರೂಢಿ.

ಆಂಜಿನಪ್ಪನ ಕಣ್ಣಿದ್ದದ್ದು ಆ ಕುರ್ಚಿಯ ಮೇಲೆ. ಹನ್ನೆರಡು ವರ್ಷದಿಂದ ನಲವತ್ತೈದು ಪೌಂಡಿನ ಕಲ್ಲು ಕೊರೆಯುವ ಮಿಷಿನ್ನು ಹೆಗಲಿಗೇರಿಸಿಕೊಂಡು ಕೆಳಗಿಳಿಯುತ್ತಿದ್ದವನು. ಎದೆಗೆ ಕೊಳವೆ ಇಟ್ಟು ನೋಡಿದ ಡಾಕ್ಟರು, "ಈ ವರ್ಷವೇ ಮೇಲಕ್ಕೆ ಬಾ, ಇಲ್ಲದಿದ್ದರೆ ಒಂದೇ ಸಲ ಕೆಳಗೆ ಹೋಗ್ತೀಯ" ಅಂದಿದ್ದರು. ಹೆಂಡತಿ ನರಸಮ್ಮ ಅವನ ಕೆಮ್ಮನ್ನು ಎಣಿಸುತ್ತಾ ಕೂರುತ್ತಿದ್ದಳು. ಅದಕ್ಕೇ ನಿನ್ನೆ ಹೋಗಿ ಹೆವಿವೇಟಿಗೆ ಹೆಸರು ಕೊಟ್ಟಿದ್ದ. ತೂಕ ಆಮೇಲೆ ನೋಡೋಣವೆಂದು ಕ್ಲಬ್ಬಿನ ಸೆಕ್ರೆಟರಿ ಸುಬ್ಬರಾಯಪ್ಪ ನಕ್ಕು ಬರೆದುಕೊಂಡಿದ್ದರು. ಎದುರಿಗೆ ನಿಂತು ನಿಜವಾಗಿ ಗುದ್ದುವವನೊಬ್ಬ ಬರುತ್ತಾನೆಂದು ಗೊತ್ತಾಗಿದ್ದೇ ತಡ, ಬೆಳಗಾಗುವುದರೊಳಗೆ ಚಾಂಪಿಯನ್ನಿಗೆ ನಿವೃತ್ತಿಯ ವಯಸ್ಸಾಗಿಬಿಟ್ಟಿತ್ತು.

ಅಷ್ಟರಲ್ಲಿ ಸುಬ್ಬರಾಯಪ್ಪನವರೇ ಬಂದು ಬೆಂಚಿನ ಮೇಲೆ ಕುಸಿದರು. "ಮುಗೀತು ಕಣ್ರಪ್ಪಾ. ಬಾಕ್ಸಿಂಗು ಇವತ್ತಿಗೆ ಅನಾಥ ಆಯ್ತು."

"ಅವ್ನು ಓದ್ರೆ ಆಟಕ್ಕೇ ಒಳ್ಳೇದಲ್ವಾ ಸಾರ್?" ಅಂದ ಮುನಿಶಾಮಿ.

"ಮುಚ್ಚಲೇ! ಏಳು ವರ್ಷ ಒಂದ್ಸಲಾನೂ ಸೋಲ್ಲಿಲ್ಲ ಅಂದ್ರೆ ಸುಮ್ನೇನಾ?"

"ನಮ್ಮಜ್ಜೀನೂ ಸೋತಿಲ್ಲ ಸಾರ್. ಎಂಬತ್ತು ವರ್ಷ ಆಯ್ತು."

ಆಂಜಿನಪ್ಪ ನಗಲಿಲ್ಲ. "ಸಾರ್, ಈಗ ಪಟ್ಟೀಲಿರೋದು ನನ್ನೆಸ್ರೊಂದೇ. ಎದುರಿಗೆ ಯಾರೂ ಇಲ್ಲ. ಅವನ ಕೈ ಎತ್ತಿದಂಗೇ ನನ್ ಕೈನೂ ಎತ್ಬುಡಿ."

ಸುಬ್ಬರಾಯಪ್ಪ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಎಷ್ಟು ತೂಗ್ತೀಯಲಾ?"

"ನೂರಾ ಮೂವತ್ತೆಂಟು."

"ಇನ್ನ ಮೂವತ್ತೇಳು ಪೌಂಡು? ನರಸಮ್ಮನ್ನ ಎತ್ಕಂಡು ತಕ್ಕಡಿ ಅತ್ತೀಯಾ? ರೂಲ್ಸು ರೂಲ್ಸೇ ಕಣಯ್ಯಾ."

"ಕುಪ್ಪುಸ್ವಾಮಿ ಏನ್ ಬರೀ ಮೈಯಾಗೆ ತೂಗ್ತಿದ್ನಾ ಸಾರ್?" ಮುನಿಶಾಮಿ ಮತ್ತೆ ಬಾಯಿ ಹಾಕಿದ. "ಕೋಟು, ಬೂಟು, ಸೊಂಟದಾಗೆ ಬೀಗದ ಕೈ ಗೊಂಚ್ಲು, ಎರ್ಡು ಲ್ಯಾಂಪು, ಅದ್ರ ಬ್ಯಾಟ್ರಿ. ಮದ್ವೆ ಗಂಡಿನಂಗೆ ಎಲ್ಲಾ ಏರಿಸ್ಕಂಡು ಅತ್ತಿದ್ದನ್ನ ನಾನೇ ಕಂಡಿವ್ನಿ."

ಸುಬ್ಬರಾಯಪ್ಪನವರಿಗೆ ರೇಗಿತು. "ಅದ್ರಾಗೇನ್ಲಾ ತಪ್ಪು? ನಮ್ ಕ್ಲಬ್ಬಿನಾಗೆ ಆಟಗಾರ ಕೆಲ್ಸಕ್ಕೆ ಓಗೋ ವೇಷದಾಗೇ ತೂಗ್ಬೇಕು. ರೂಲ್ಸ್ ಬುಕ್ಕಲ್ಲೇ ಐತೆ. ನಾನೇ ಬರ್ದಿರೋದು!"

ಆಂಜಿನಪ್ಪ ಬೆರಳಿನಿಂದ ಬನ್ನಿನ ಚೂರುಗಳನ್ನು ತೆಗೆದು ತಿಂದು, ಉಳಿದ ಟೀ ಕುಡಿದು, ಎದ್ದು ನಿಂತ.

"ಸರಿ ಸಾರ್. ನಾಳೆ ಬೆಳಿಗ್ಗೆ ಬಾವಿ ಮೇಲಿನ ಸ್ಟೋರ್ ತಕ್ಕಡಿ ತಾವ ಆ ಬುಕ್ ತಕ್ಕಂಡು ಬನ್ನಿ. ನಾನೂ ಕೆಲ್ಸಕ್ಕೆ ಓಗೋ ವೇಷದಾಗೇ ಬತ್ತೀನಿ. ಟೋಪಿ, ಬೂಟು, ಎಗಲ ಮೇಲೆ ನಲವತ್ತೈದು ಪೌಂಡು ಮಿಷಿನ್ನು."

"ಲೇ, ಮಿಷಿನ್ನು ವೇಷ ಎಂಗಾಯ್ತದ್ಲಾ?"

"ಅನ್ನೆರಡು ವರ್ಷದಿಂದ ನನ್ ಮೈಮ್ಯಾಲಿಂದ ಇಳ್ದೇ ಇಲ್ವಲ್ಲ ಸಾರ್."

ಅಂದವನು ಬಾಗಿಲ ಕಂಬ ಹಿಡಿದು ಕೆಮ್ಮತೊಡಗಿದ. ಕೆಮ್ಮು ನಿಲ್ಲುವವರೆಗೆ ಎಲ್ಲರೂ ಕಾದರು, ಸುಬ್ಬರಾಯಪ್ಪನವರೂ.

"ಆರು ಗಂಟೆಗೆ ಸಾರ್," ಅಂದ ಆಂಜಿನಪ್ಪ, ಬಾಯಿ ಒರೆಸಿಕೊಂಡು.